ಹನ್ನೊಂದು ಗ್ರಾಂ ಮಳೆ

ತಕ್ಕಡಿ ಎರಡು ಸಾವಿರದ ಮುನ್ನೂರ ಹದಿನಾಲ್ಕು ಗ್ರಾಂ ತೋರಿಸಿತು. ಬೆಳಗ್ಗೆಯೂ ಅಷ್ಟೇ ತೋರಿಸಿತ್ತು. ಬೇರೆ ಯಾರಾದರೂ ಆಗಿದ್ದರೆ ಪುಸ್ತಕವನ್ನು ಒಳಗಿಟ್ಟು, ಓದುಗನಿಗೆ ಶುಭ ಸಂಜೆ ಹೇಳಿ, ಮನೆಗೆ ಹೋಗಿ ಬಟಾಣಿ ಸೂಪು ಕುಡಿದು ಮಲಗುತ್ತಿದ್ದರು. ಆಲ್ಟ್ಯೆ ರೂಲ್ಫ್‌ಸೆಮಾಳ ಎದೆ ಮಾತ್ರ ಧಸಕ್ಕೆಂದಿತು.

ಆಲ್ಟ್ಯೆ ಎಂದರೆ ಲಿಂಡೆವೋರ್ಡೆ ಊರಿನ ತೂಕದಮನೆ ಮ್ಯೂಸಿಯಮ್ಮಿನ ಓದುಕೋಣೆಯನ್ನು ಕಾಯುವವಳು. ಮೂವತ್ತೆಂಟು ವರ್ಷದಿಂದ ಅದೇ ಕುರ್ಚಿ, ಅದೇ ಬೂದು ಸ್ವೆಟರು. ಅವಳ ಕಿವಿಯ ಬಗ್ಗೆ ಊರಲ್ಲಿ ನೂರು ಕಥೆಗಳಿವೆ, ನೂರೂ ನಿಜ. ಹಾಳೆ ತಿರುವುವ ಸದ್ದು ಕೇಳಿದರೆ ಸಾಕು, ಪುಸ್ತಕ ಯಾವ ಶತಮಾನದ್ದು, ಓದುವವನು ಬೆಳಗ್ಗೆ ಹೆಂಡತಿಯೊಡನೆ ಜಗಳವಾಡಿ ಬಂದಿದ್ದಾನೋ ಇಲ್ಲವೋ, ಎರಡನ್ನೂ ಹೇಳುತ್ತಿದ್ದಳು. ಒಮ್ಮೆ ಕೆಳಗಿನ ಉಗ್ರಾಣದಲ್ಲಿ ಪುಸ್ತಕದ ಹುಳುವೊಂದು ಆಕಳಿಸಿದ್ದನ್ನು ಕೇಳಿಸಿಕೊಂಡು, ಎರಡು ಮಹಡಿ ಇಳಿದು ಹೋಗಿ ಅದನ್ನು ಹಿಡಿದು ತಂದಿದ್ದಳು.

ಆ ಕಟ್ಟಡವೂ ಅಂಥದ್ದೇ. ನಾನೂರು ವರ್ಷ ಅಲ್ಲಿ ಚೀಸ್ ತೂಗಿದರು, ಬೆಣ್ಣೆ ತೂಗಿದರು, ಉಣ್ಣೆ ತೂಗಿದರು. ಕೆಟ್ಟ ಕಾಲವೊಂದರಲ್ಲಿ ಮಾಟಗಾತಿಯರೆಂದು ಅನುಮಾನ ಬಂದ ಹೆಂಗಸರನ್ನೂ ತೂಗಿದರು. ಈ ಊರಿನವರಿಗೆ ದೇವರ ಮೇಲೆ ಎಷ್ಟು ನಂಬಿಕೆಯೋ ತಕ್ಕಡಿಯ ಮೇಲೆ ಅದಕ್ಕಿಂತ ಒಂದು ಹಿಡಿ ಹೆಚ್ಚು. ಹಾಗಾಗಿ ಚೀಸ್ ಹೋಗಿ ಹಳೆಯ ಪುಸ್ತಕಗಳು ಬಂದಾಗಲೂ ತೂಗುವ ಚಟ ಹೋಗಲಿಲ್ಲ. ಉಗ್ರಾಣದಿಂದ ಹೊರಬರುವ ಪ್ರತಿ ಪುಸ್ತಕವನ್ನೂ ಬೆಳಗ್ಗೆ ತೂಗಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು, ಒಳಗೆ ಹೋಗುವಾಗ ಮತ್ತೆ ತೂಗಬೇಕು. ಮೂರು ಗ್ರಾಮಿಗಿಂತ ಹೆಚ್ಚು ಇಳಿದಿದ್ದರೆ ಓದಿದವನು ಬಾಗಿಲು ದಾಟುವಂತಿಲ್ಲ. ಇಳಿಯದಿದ್ದರೆ ದಾಟಬಹುದು. ನಿಯಮ ಇಷ್ಟೇ.

ಇವತ್ತು ತೂಕ ಇಳಿದಿರಲಿಲ್ಲ. ಆಲ್ಟ್ಯೆಗೆ ಭಯವಾದದ್ದು ಅದಕ್ಕೇ.

ಏಕೆಂದರೆ ಹೊರಗೆ ಮಳೆ. ಆ ನವೆಂಬರಿನ ಮಳೆಯನ್ನು ನೋಡದವರು ಮಳೆಯನ್ನೇ ನೋಡಿಲ್ಲವೆಂದು ತಿಳಿಯಬೇಕು. ಮೂರು ದಿನ ಎಡೆಬಿಡದೆ ಸುರಿದು ಬಾತುಕೋಳಿಗಳೇ ಬೇಸತ್ತು ಚರ್ಚಿನ ಬಾಗಿಲಲ್ಲಿ ಸಾಲಾಗಿ ನಿಂತಿದ್ದವು. ಸೈಕಲ್ ಸವಾರರು ಪೆಡಲ್ ಬಿಟ್ಟು ಹುಟ್ಟು ಹಾಕುವುದೊಂದು ಬಾಕಿ. ಮೂರು ದಿನ ಮಳೆ ಹಿಡಿದರೆ ಓದುಕೋಣೆಯ ತೇವ ಹೀರುವ ಯಂತ್ರ ಕೆಮ್ಮಿ ಕೆಮ್ಮಿ ನಿಲ್ಲುವುದು ಪ್ರತಿವರ್ಷದ ಪದ್ಧತಿ. ಇವತ್ತೂ ಬೆಳಗ್ಗೆ ಹತ್ತಕ್ಕೆ ನಿಂತಿತ್ತು. ಮಾಡಿನಿಂದ ಸೋರುವ ನೀರಿಗೆ ಇಟ್ಟ ಬಕೆಟ್ಟು ಎರಡು ಸಲ ತುಂಬಿ, ಎರಡು ಸಲವೂ ಆಲ್ಟ್ಯೆಯೇ ಎದ್ದು ಚೆಲ್ಲಿ ಬಂದಿದ್ದಳು. ಕೋಣೆಯ ಗಾಳಿಯನ್ನು ಹಿಂಡಿದರೆ ಒಂದು ಲೋಟ ನೀರು ಬರುತ್ತಿತ್ತು.

ಮೇಜಿನ ಮೇಲಿದ್ದದ್ದು ಸಾಮಾನ್ಯ ಪುಸ್ತಕವಲ್ಲ. ಅಚ್ಚಿನ ಯಂತ್ರ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಸಾವಿರದ ನಾನೂರ ಎಂಬತ್ತೆರಡರಲ್ಲಿ, ಕಾಗದದ ಮೇಲಲ್ಲ, ಹದ ಮಾಡಿದ ಕರುವಿನ ತೊಗಲಿನ ಮೇಲೆ ಅಚ್ಚಾದ ಎರಡು ಸಂಪುಟಗಳ ಪ್ರಾರ್ಥನಾ ಪುಸ್ತಕದ ಮೊದಲ ಸಂಪುಟ ಅದು. ಭೂಮಿಯ ಮೇಲೆ ಅದರದು ಇನ್ನೊಂದು ಪ್ರತಿಯಿಲ್ಲ. ಆ ಕರುಗಳು ಸತ್ತು ಐನೂರು ವರ್ಷ ದಾಟಿದರೂ ತೊಗಲಿಗೆ ಬಾಯಾರಿಕೆ ಹೋಗಿಲ್ಲ. ಒಣ ದಿನ ಒಣಗುತ್ತದೆ, ಮಳೆಯ ದಿನ ಗಾಳಿಯಿಂದಲೇ ಕುಡಿಯುತ್ತದೆ. ಇಡೀ ದಿನ ಈ ಕೋಣೆಯಲ್ಲಿ ಬಾಯ್ತೆರೆದು ಬಿದ್ದಿದ್ದ ಪುಸ್ತಕದ ತೂಕ ಏರಲೇಬೇಕಿತ್ತು. ಏರಿಲ್ಲವೆಂದರೆ, ಎಷ್ಟು ಏರಿತೋ ಅಷ್ಟನ್ನು ಯಾರೋ ಇಳಿಸಿದ್ದಾರೆ.

ಆ ಯಾರೋ ಎದುರಿಗೇ ನಿಂತು ಮುಗುಳ್ನಗುತ್ತಿದ್ದರು.

“ಸರಿಯಾಗಿದೆಯಲ್ವಾ, ಮೆವ್ರೌ?” ಎಂದರು ಡಾಕ್ಟರ್ ಒಸೆವಾರ್ಡ್. ಬೆಳ್ಳಿ ಕೂದಲು, ಬೆಣ್ಣೆಯಂಥ ದನಿ, ಎರಡು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಭಾಷಣ ಮಾಡಿದ ಪಂಡಿತರು. ತಮ್ಮ ಸ್ವಂತ ಸಂಗ್ರಹದ ನಾನೂರು ಪುಸ್ತಕಗಳನ್ನು ಈ ಮ್ಯೂಸಿಯಮ್ಮಿಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದರು.

“ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ, ಮೆನೇರ್,” ಎಂದಳು ಆಲ್ಟ್ಯೆ. ಅಲ್ಲಿ ಹೆಂಗಸರಿಗೆ ಮೆವ್ರೌ, ಗಂಡಸರಿಗೆ ಮೆನೇರ್ ಎನ್ನುವುದು ಮರ್ಯಾದೆ.

“ಹಾಗಾದ್ರೆ ನನ್ನ ಕೋಟು ತರಿಸ್ತೀರಾ? ಐದು ಇಪ್ಪತ್ತೆರಡಕ್ಕೆ ನನ್ನ ರೈಲು.”

ಗೋಡೆ ಗಡಿಯಾರದಲ್ಲಿ ನಾಲ್ಕು ಮೂವತ್ತಾರು. ಆ ರೈಲು ಒಂದೂವರೆ ಗಂಟೆಯಲ್ಲಿ ಗಡಿ ದಾಟುತ್ತದೆ. ಗಡಿ ದಾಟಿದ ಹಳೆಯ ಹಾಳೆ ಯಾವುದೋ ಶ್ರೀಮಂತನ ಕಪಾಟಿಗೆ ಸೇರಿದರೆ ಅದು ಮತ್ತೆ ಹಗಲು ಕಾಣುವುದಿಲ್ಲ. ಅದು ಆಲ್ಟ್ಯೆಗೆ ಗೊತ್ತಿತ್ತು. ಈಗ ಇನ್ನೊಂದು ವಿಷಯವೂ ನೆನಪಾಯಿತು. ಈ ಮನುಷ್ಯ ಮೂರು ಸಲ ದಿನ ಗೊತ್ತು ಮಾಡಿಕೊಂಡು ಮೂರು ಸಲವೂ ರದ್ದು ಮಾಡಿದ್ದರು. ಮೂರೂ ದಿನ ಬಿಸಿಲಿತ್ತು. ಮೊನ್ನೆ ಫೋನಿನಲ್ಲಿ ಮೊದಲು ಕೇಳಿದ್ದೇ “ಅಲ್ಲಿ ಮಳೆಯಾ?” ಎಂದು. ಈ ದೇಶದಲ್ಲಿ ಎಲ್ಲರೂ ಮಾತು ಶುರುಮಾಡುವುದೇ ಹವಾಮಾನದಿಂದ. ಹಾಗಾಗಿ ಅವಳು ಅದನ್ನು ಮರ್ಯಾದೆ ಎಂದುಕೊಂಡಿದ್ದಳು.

ತಡೆಯುವುದು ಹೇಗೆ? ನಿಯಮ ಅವರ ಕಡೆಗಿತ್ತು. ಮೈ ತಡಕುವ ಅಧಿಕಾರ ಅವಳಿಗಿಲ್ಲ. ಆಗ ಅವಳು ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದಳು.

“ಇಷ್ಟು ಮಳೆಯಲ್ಲಿ ಹಾಗೇ ಹೋಗ್ತೀರಾ? ಒಂದು ಕಾಫಿ ಕುಡಿದು ಹೋಗಿ, ಮೆನೇರ್.” ಬಾಗಿಲ ಕಡೆ ತಿರುಗಿ ಕೂಗಿದಳು, “ಹಾರ್ಮ್! ಮೆನೇರ್‌ಗೆ ಕಾಫಿ ತಗೊಂಡು ಬಾ. ಎರಡು ಬಿಸ್ಕತ್ತು.”

ಹಾರ್ಮ್ ಆ ಕಟ್ಟಡದ ಜವಾನ. ಬಾಗಿಲು, ಬಾಯ್ಲರು, ಬಲ್ಬು ಎಲ್ಲವೂ ಅವನದೇ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕಾಫಿ ಕೊಡುವವನೂ ಅವನೇ. ಆ ಊರಲ್ಲಿ ಕಾಫಿಗೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚುತ್ತಾರೆ. ರಾಣಿ ಬಂದರೂ ಒಂದೇ. ಎರಡನೆಯದನ್ನು ಕೊಟ್ಟರೆ ಮದುವೆ ಪ್ರಸ್ತಾಪವೋ ಮರಣಶಯ್ಯೆಯೋ ಆಗಿರಬೇಕು. ಹಾರ್ಮ್ ಬಾಗಿಲಲ್ಲಿ ನಿಂತು ಬಾಯಿ ತೆರೆದ.

“ಎರಡಾ?”

“ಎರಡು.”

ಅವನು ಅವಳ ಮುಖ ನೋಡಿದ, ಡಾಕ್ಟರ ಮುಖ ನೋಡಿದ. ಕೆಳಗಿಳಿದು ಹೋಗಿ ಮೊದಲು ಬೀದಿಬಾಗಿಲಿಗೆ ಬೀಗ ಹಾಕಿದ. ಆಮೇಲೆ ಕಾಫಿಗೆ ನೀರಿಟ್ಟ.

ಡಾಕ್ಟರು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಆಲ್ಟ್ಯೆ ಕುರ್ಚಿಯನ್ನು ಎಳೆದು, ಕಿಟಕಿಯ ಕೆಳಗೆ ಕೋಣೆ ಕಾಯಿಸುವ ಕಬ್ಬಿಣದ ರೇಡಿಯೇಟರಿಗೆ ಬೆನ್ನು ಬರುವಂತೆ ಇಟ್ಟಾಗಿತ್ತು. “ಇಲ್ಲಿ ಬೆಚ್ಚಗಿರುತ್ತೆ, ಕೂತ್ಕೊಳ್ಳಿ.” ಅವರು ಕೂತರು. ಕೂತ ರೀತಿಯಲ್ಲೇ ಅವಳಿಗೆ ಅರ್ಧ ಉತ್ತರ ಸಿಕ್ಕಿತು. ಗಜದ ಕೋಲು ನುಂಗಿದವರಂತೆ ನೆಟ್ಟಗೆ ಕೂತಿದ್ದರು, ಒರಗಲಿಲ್ಲ. ಕಾಫಿ ಬಂದಾಗ ಅವಳು ತಟ್ಟೆ ಕೊಡುವ ನೆಪದಲ್ಲಿ ಚಮಚವನ್ನು ಅವರ ಪಾದದ ಹತ್ತಿರ ಬೀಳಿಸಿದಳು. ಅಂಥ ಸಭ್ಯ ಮನುಷ್ಯ, ಹೆಂಗಸಿನ ಕೈಯಿಂದ ಬಿದ್ದ ಚಮಚಕ್ಕೆ ಬಗ್ಗಲಿಲ್ಲ. ಕಣ್ಣಿನಿಂದ ಅದನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಆ ನೋಟದಲ್ಲಿ ಬೆಣ್ಣೆ ಇರಲಿಲ್ಲ.

ಬೆನ್ನಿನಲ್ಲಿದೆ, ಎಂದುಕೊಂಡಳು ಆಲ್ಟ್ಯೆ. ಶರ್ಟಿನ ಒಳಗೆ, ಬರಿ ಮೈಗೆ ಅಂಟಿಕೊಂಡು.

“ಹಾರ್ಮ್,” ಎಂದಳು ಚಮಚ ಎತ್ತಿಕೊಳ್ಳುತ್ತ, “ಮೆನೇರ್‌ಗೆ ಚಳಿಯಾಗ್ತಿದೆ. ರೇಡಿಯೇಟರು ಪೂರಾ ತಿರುಗಿಸು.”

“ಪೂರಾ ಅಂದ್ರೆ?”

“ಎಷ್ಟು ತಿರುಗುತ್ತೋ ಅಷ್ಟು.”

ತೇವ ಕುಡಿದ ತೊಗಲು ಶಾಖಕ್ಕೆ ಸಿಕ್ಕರೆ ಸುರುಳುತ್ತದೆ, ಗಟ್ಟಿಯಾಗುತ್ತದೆ, ಮತ್ತೆ ಮೊದಲಿನಂತೆ ಎಂದೂ ಆಗುವುದಿಲ್ಲ. ಕಳ್ಳನ ಬೆನ್ನು ಕಾಯಿಸಲು ಹೋಗಿ ತನ್ನ ಹಾಳೆಯನ್ನೇ ಸುಡುತ್ತಿದ್ದಾಳೆ. ಆದರೆ ಸುಕ್ಕಾದ ಹಾಳೆ ಮನೆಯಲ್ಲಿರುತ್ತದೆ, ನಯವಾದ ಹಾಳೆ ಐದು ಇಪ್ಪತ್ತೆರಡರ ರೈಲಿನಲ್ಲಿರುತ್ತದೆ. ಅವಳು ಫೋನೆತ್ತಿ ನಿರ್ದೇಶಕನನ್ನು ಕರೆದಳು.

ನಿರ್ದೇಶಕ ಸೀಬ್ರಾಂಡ್ ಫಾನ್ ಎಕೆರೆನ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ನಲವತ್ತರ ವಯಸ್ಸು, ಬಂದು ಎಂಟು ತಿಂಗಳು. ಅದಕ್ಕೆ ಮೊದಲು ಮೊಸರಿನ ಕಂಪನಿಯೊಂದರ ಜಾಹೀರಾತು ನೋಡಿಕೊಳ್ಳುತ್ತಿದ್ದ. ಡಾಕ್ಟರ ನಾನೂರು ಪುಸ್ತಕಗಳಿಗಾಗಿ ಒಂದು ಹಜಾರವನ್ನೇ ಖಾಲಿ ಮಾಡಿಸಿ, ಬಾಗಿಲ ಮೇಲೆ ಅವರ ಹೆಸರನ್ನು ಯಾವ ಬಣ್ಣದಲ್ಲಿ ಬರೆಸಬೇಕೆಂದು ಆರು ಸಭೆ ಮಾಡಿದ್ದ.

“ಪುಸ್ತಕದ ಹಾಳೆ ಎಣಿಸ್ಬೇಕು, ಮೆನೇರ್,” ಎಂದಳು ಆಲ್ಟ್ಯೆ.

“ಯಾಕೆ? ತೂಕ ಕಮ್ಮಿ ಬಂತಾ?”

“ಇಲ್ಲ. ಸರಿಯಾಗಿ ಬಂತು. ಅದಕ್ಕೇ.”

ನಿರ್ದೇಶಕ ಅವಳನ್ನು ಪಕ್ಕಕ್ಕೆ ಎಳೆದ. ಪಿಸುಗುಟ್ಟಿದ ಎಂದು ಅವನು ತಿಳಿದಿದ್ದ, ಅರ್ಧ ಊರಿಗೆ ಕೇಳಿಸಿತು. “ಆಲ್ಟ್ಯೆ, ನಿಮಗೆ ತಲೆ ಸರಿ ಇದೆಯಾ? ತೂಕ ಸರಿ ಇದೆ ಅಂತ ಮನುಷ್ಯನ ಮೇಲೆ ಅನುಮಾನ ಪಡ್ತೀರಾ? ಅವರು ಯಾರು ಗೊತ್ತಾ?”

“ಗೊತ್ತು. ಬೆನ್ನು ಒರಗಿಸದೇ ಕೂತಿರೋರು.”

“ನೀವು ಎಣಿಸ್ಬೇಕು ಅಂತ ಹಟ ಹಿಡಿದ್ರೆ ನಿಯಮದ ಪ್ರಕಾರ ನಾನು ತಡೆಯೋಹಾಗಿಲ್ಲ. ಆದ್ರೆ ಎಣಿಕೆ ಸರಿ ಬಂದ್ರೆ ನಿಮ್ಮ ಬೀಗದಕೈ ಗೊಂಚಲು ಇವತ್ತೇ ನನ್ನ ಕೈಗೆ ಬರ್ಬೇಕು. ನಾಳೆಯಿಂದ ಆ ಕುರ್ಚಿಗೆ ಕ್ಯಾಮೆರಾ. ಅದು ಕಾಫಿ ಕೊಟ್ಟು ಅತಿಥಿಗಳಿಗೆ ಅವಮಾನ ಮಾಡಲ್ಲ.”

ಆಲ್ಟ್ಯೆ ಸೊಂಟದಿಂದ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟಳು. ಮೂವತ್ತೆಂಟು ವರ್ಷದಲ್ಲಿ ಅದು ಸೊಂಟ ಬಿಟ್ಟದ್ದು ಅದೇ ಮೊದಲು. ಆ ಕಡೆ ಭಾರ ಕಡಿಮೆಯಾಗಿ ಅವಳು ಒಂದು ಕ್ಷಣ ವಾಲಿದಳು.

“ಎಣಿಸಿ, ಎಣಿಸಿ,” ಎಂದರು ಡಾಕ್ಟರು ಕುರ್ಚಿಯಿಂದಲೇ, ಕಾಫಿ ಹೀರುತ್ತ. “ನಂದೇನೂ ಅಭ್ಯಂತರ ಇಲ್ಲ. ನಾನು ಬೇಕಾದ್ರೆ ಕೆಳಗಡೆ ಕೂತಿರ್ತೀನಿ.”

“ಇಲ್ಲ ಮೆನೇರ್,” ಎಂದಳು ಆಲ್ಟ್ಯೆ. “ಎಣಿಕೆ ಮುಗಿಯೋವರೆಗೆ ಓದಿದವರು ಪುಸ್ತಕ ಕಾಣೋ ಜಾಗದಲ್ಲೇ ಇರ್ಬೇಕು. ನಿಯಮ. ಅಲ್ಲೇ ಕೂತಿರಿ, ಬೆಚ್ಚಗೆ.”

ಎಣಿಕೆ ಶುರುವಾದಾಗ ನಾಲ್ಕು ನಲವತ್ತೈದು. ನಿರ್ದೇಶಕ ಹಾಳೆ ತಿರುವಬೇಕು, ಆಲ್ಟ್ಯೆ ಗಟ್ಟಿಯಾಗಿ ಎಣಿಸಬೇಕು. ಕಾಯುವವರು ಹಾಳೆ ತಿರುವುವಂತಿಲ್ಲ ಎನ್ನುವುದು ಆ ಮನೆಯ ಇನ್ನೊಂದು ಕಟ್ಟುನಿಟ್ಟು. ಇಷ್ಟು ವರ್ಷ ಆ ಪುಸ್ತಕವನ್ನು ಮಗುವಿನಂತೆ ಎತ್ತಿ ತಂದು, ಮಗುವಿನಂತೆ ಮಲಗಿಸಿದ್ದಾಳೆಯೇ ಹೊರತು ಒಂದು ಹಾಳೆಯನ್ನೂ ತಾನೇ ತಿರುವಿ ನೋಡಿದವಳಲ್ಲ. ಅವಳು ನೋಡುತ್ತಿದ್ದದ್ದು ಓದುವವರ ಮುಖಗಳನ್ನು. ಪ್ರತಿಯೊಬ್ಬರೂ ನಡುವಿನ ಒಂದು ಜಾಗಕ್ಕೆ ಬಂದಾಗ ಉಸಿರು ಹಿಡಿಯುತ್ತಿದ್ದರು. ಆಗ ಅವರ ಗಲ್ಲದ ಮೇಲೆ ನೀಲಿ ಬೆಳಕು ಬೀಳುತ್ತಿತ್ತು, ಕೆರೆಯ ಮೇಲೆ ಬಗ್ಗಿದವರ ಮೇಲೆ ಬೀಳುವಂತೆ. ಅಲ್ಲಿ ಏನಿದೆಯೆಂದು ಅವಳು ಕೇಳಿರಲಿಲ್ಲ. ಆ ನೀಲಿಯನ್ನು ದೂರದಿಂದ ನೋಡುವುದೇ ಅವಳ ಸಂಬಳದ ಹೆಚ್ಚು ಭಾಗವಾಗಿತ್ತು.

“ನಲವತ್ತು,” ಎಂದಳು. ಮಳೆ ಕಿಟಕಿಗೆ ಬಡಿಯುತ್ತಿತ್ತು. ರೇಡಿಯೇಟರು ಟಕ್ ಟಕ್ ಎಂದು ಕಾಯುತ್ತಿತ್ತು.

“ಎಂಬತ್ತು.” ನಾಲ್ಕು ಐವತ್ತೈದು. ಡಾಕ್ಟರ ಹಣೆಯ ಮೇಲೆ ಒಂದು ಹನಿ ಮೂಡಿ, ಹುಬ್ಬಿಗೆ ಬಂದು, ಅಲ್ಲಿ ಸ್ವಲ್ಪ ಯೋಚಿಸಿ ಕೆಳಗಿಳಿಯಿತು. ಅವರು ಒರೆಸಿಕೊಳ್ಳಲಿಲ್ಲ. ಕೈ ಎತ್ತಿದರೆ ಬೆನ್ನು ಅಲುಗುತ್ತದಲ್ಲ.

ತೊಂಬತ್ತು ದಾಟಿತು, ನೂರು ದಾಟಿತು. ಆಲ್ಟ್ಯೆ ನಿರ್ದೇಶಕನ ಗಲ್ಲವನ್ನೇ ನೋಡುತ್ತಿದ್ದಳು. ನೂರ ಹತ್ತು. ನೂರ ಇಪ್ಪತ್ತು. ಗಲ್ಲ ಬೆಳ್ಳಗೇ ಇತ್ತು. ಕದ್ದದ್ದು ಯಾವ ಹಾಳೆ ಎಂದು ಈಗ ತಿಳಿಯಿತು.

ಹೊರಗೆ ಊರಿನ ಗಡಿಯಾರದ ಗೋಪುರ ಐದು ಹೊಡೆದು, ಅದರ ಮೇಲೆ ತನ್ನ ಹಾಳು ಹಾಡನ್ನೂ ಬಾರಿಸಿ ಮುಗಿಸಿತು. ಐದು ಎಂಟಕ್ಕೆ ಕೊನೆಯ ಹಾಳೆ ತಿರುವಿಯಾಯಿತು.

“ನೂರ ಎಂಬತ್ತೆಂಟು,” ಎಂದಳು ಆಲ್ಟ್ಯೆ.

ನಿರ್ದೇಶಕ ಪಟ್ಟಿ ತೆರೆದ. ಮ್ಯೂಸಿಯಮ್ಮಿನ ಎಲ್ಲ ಪುಸ್ತಕಗಳ ಹಳೆಯ ಪಟ್ಟಿ ಅದು, ನೂರ ಮೂವತ್ತು ವರ್ಷದ ಹಿಂದೆ ಪಾದ್ರಿ ಹೆಪ್ಕೆಮಾ ಬರೆದದ್ದು. ಬೆರಳಿಟ್ಟು ಓದಿದ. “ಮೊದಲ ಸಂಪುಟ. ತೊಗಲ ಹಾಳೆಗಳು, ನೂರ ಎಂಬತ್ತೆಂಟು.” ಪಟ್ಟಿಯನ್ನು ಪಟ್ಟನೆ ಮುಚ್ಚಿದ. “ತೂಕ ಸರಿ. ಎಣಿಕೆ ಸರಿ. ಇನ್ನೇನು ತೂಗ್ಬೇಕು, ಎಣಿಸ್ಬೇಕು, ಆಲ್ಟ್ಯೆ?”

“ನೀಲಿ ಎಲ್ಲಿ?”

“ಏನು ನೀಲಿ?”

“ನಡುವಿನಲ್ಲಿ ಒಂದು ನೀಲಿ ಹಾಳೆ ಇತ್ತು. ಮುಖದ ಮೇಲೆ ಬೀಳ್ತಿತ್ತು.”

“ನೀವು ನೋಡಿದ್ರಾ ಆ ಹಾಳೇನ?”

“ಹಾಳೆ ನೋಡಿಲ್ಲ. ಮುಖ ನೋಡಿದೀನಿ.”

ಡಾಕ್ಟರು ಮೃದುವಾಗಿ ನಕ್ಕರು. “ಪಟ್ಟಿಯಲ್ಲಿ ಯಾವ ಚಿತ್ರದ ವಿಷಯವೂ ಇಲ್ಲ, ಮೆವ್ರೌ. ಪಾಪ, ಇಷ್ಟು ವರ್ಷ ಒಂದೇ ಕುರ್ಚಿಯಲ್ಲಿ ಕೂತ್ರೆ ಯಾರಿಗಾದ್ರೂ ಬಣ್ಣ ಕಾಣುತ್ತೆ. ನಾನು ದೂರು ಗೀರು ಕೊಡಲ್ಲ. ಕೋಟು ಕೊಟ್ರೆ ಸಾಕು.”

ನಿರ್ದೇಶಕ ಕೈ ಚಾಚಿದ. ಗೊಂಚಲು ಅವನ ಕೈಗೆ ಹೋಯಿತು. ಐದು ಹನ್ನೊಂದು. ಸ್ಟೇಷನ್ನಿಗೆ ಬಿರುಸಾಗಿ ನಡೆದರೆ ಆರು ನಿಮಿಷ. ಹಾರ್ಮ್ ಕೋಟು ತರಲು ಹೋದ. ಅವನು ಅಷ್ಟು ನಿಧಾನವಾಗಿ ನಡೆದದ್ದನ್ನು ನೋಡಿದ್ದರೆ ಬಸವನಹುಳುಗಳು ಹಾರನ್ ಹೊಡೆಯುತ್ತಿದ್ದವು. ಆದರೂ ಕೋಟು ಬಂತು.

ನಿರ್ದೇಶಕ ತಾನೇ ಕೋಟನ್ನು ಅಗಲಿಸಿ ಹಿಡಿದ. ಡಾಕ್ಟರು ಎದ್ದು ನಿಂತು, ಬಹಳ ಜೋಪಾನವಾಗಿ ಬಲಗೈಯನ್ನು ತೋಳಿಗೆ ತೂರಿಸಿದರು. ಎಡಗೈಯನ್ನು ಹಿಂದಕ್ಕೆ ಎತ್ತಿದರು.

ಕರ್ರ್ರ್.

ಆ ಸದ್ದನ್ನು ಏನೆಂದು ವರ್ಣಿಸುವುದು! ಅರ್ಧ ಗಂಟೆ ಶಾಖಕ್ಕೆ ಕಾದು ಬಿಗಿದಿದ್ದ ತೊಗಲು ಒಮ್ಮೆಲೇ ಮಡಿಸಿಕೊಂಡಾಗ ಆಗುವ ಸದ್ದದು. ಹೊಳೆಯ ಆಚೆ ದಡದ ನಾಯಿಗಳು ಬೊಗಳಿದವು.

“ಅದೇನು ಸದ್ದು?” ಎಂದ ನಿರ್ದೇಶಕ.

“ನನ್ನ ಬೆನ್ನು,” ಎಂದರು ಡಾಕ್ಟರು. “ವಯಸ್ಸಾಯ್ತಲ್ಲ.”

“ನನ್ನ ಬೆನ್ನೂ ಹಿಡ್ಕೊಳ್ಳುತ್ತೆ, ಮೆನೇರ್,” ಎಂದ ಹಾರ್ಮ್. “ಆದ್ರೆ ಪುಸ್ತಕದ ಹಾಗೆ ಸದ್ದು ಮಾಡಲ್ಲ.”

ನಿರ್ದೇಶಕ ಹಿಂದೆ ನಿಂತಿದ್ದನಲ್ಲ, ಕೋಟು ಹಿಡಿದುಕೊಂಡು. ಅವನ ಕಣ್ಣ ಮುಂದೆಯೇ, ಡಾಕ್ಟರ ಕಾಲರಿನ ಒಳಗಿನಿಂದ, ಏನೋ ಒಂದು ನಿಧಾನವಾಗಿ ತಲೆಯೆತ್ತಿತು. ಒಂದು ಮೂಲೆ. ನೀಲಿ ಮೂಲೆ. ಶಾಖಕ್ಕೆ ಸುರುಳಿ ಸುರುಳಿ ತಾನೇ ದಾರಿ ಹುಡುಕಿಕೊಂಡು ಹೊರಬಂದಿತ್ತು. ಆಲ್ಟ್ಯೆ ನಿರ್ದೇಶಕನ ಗಲ್ಲ ನೋಡಿದಳು. ಆ ಗಲ್ಲ ನೀಲಿಯಾಗಿತ್ತು.

ಡಾಕ್ಟರು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು. ಅಲ್ಲಿ ಹಾರ್ಮ್ ಎರಡು ಕೈಯಲ್ಲಿ ನೆಲ ಒರೆಸುವ ಕೋಲು ಹಿಡಿದು, ಯುದ್ಧಕ್ಕೆ ನಿಂತವನಂತೆ ನಿಂತಿದ್ದ. “ಬೀದಿಬಾಗಿಲಿಗೂ ಬೀಗ ಇದೆ, ಮೆನೇರ್. ಎರಡನೇ ಬಿಸ್ಕತ್ತು ಕೊಟ್ಟಾಗಲೇ ಹಾಕಿಬಂದೆ.”

ಅಲ್ಲಿಯವರೆಗೆ ಬಹುವಚನದಲ್ಲಿದ್ದ ಮನುಷ್ಯ ಅಲ್ಲಿಗೆ ಏಕವಚನಕ್ಕೆ ಇಳಿದ. ಆದರೆ ಸೋಲಲಿಲ್ಲ. ಕೋಟು ತೆಗೆದು, ಟೈ ಸಡಿಲಿಸಿ, ಶರ್ಟಿನ ಹಿಂದಿನಿಂದ ಹಾಳೆಯನ್ನು ತಾನೇ ಎಳೆದು ಮೇಜಿನ ಮೇಲಿಟ್ಟ. ದನಿಯಲ್ಲಿ ಮತ್ತೆ ಬೆಣ್ಣೆ.

“ತಪ್ಪಾಯ್ತು. ಒಪ್ಕೋತೀನಿ. ಇದು ನನ್ನ ಸ್ವಂತ ಹಾಳೆ. ಲೈಪ್‌ಜಿಗ್‌ನಲ್ಲಿ ಕೊಂಡಿದ್ದು. ನಿಮ್ಮ ಪುಸ್ತಕದ ಜೊತೆ ಇಟ್ಟು ಹೋಲಿಸಿ ನೋಡೋಣ ಅಂತ ಗುಟ್ಟಾಗಿ ಒಳಗೆ ತಂದೆ. ಹೊರಗಿನ ಹಾಳೆ ತರೋದು ನಿಯಮಕ್ಕೆ ವಿರುದ್ಧ, ನಾಚಿಕೆಗೇಡು. ಆದ್ರೆ ಕಳ್ಳತನ ಅಲ್ಲ.”

“ಇದು ನಮ್ಮ ಪುಸ್ತಕದ್ದೇ,” ಎಂದಳು ಆಲ್ಟ್ಯೆ.

“ಹೇಗೆ? ನಿಮ್ಮ ಪುಸ್ತಕದಲ್ಲಿ ನೂರ ಎಂಬತ್ತೆಂಟು ಹಾಳೆ ಇರ್ಬೇಕು, ನೂರ ಎಂಬತ್ತೆಂಟೂ ಇವೆ. ಈಗಷ್ಟೇ ನೀವೇ ಎಣಿಸಿದ್ರಿ. ಪಟ್ಟಿಯಲ್ಲೇ ಇಲ್ಲದ ಹಾಳೇನ ನಾನು ಕದಿಯೋದಾದ್ರೂ ಹೇಗೆ? ಪೊಲೀಸರನ್ನ ಕರೀರಿ, ಅವರಿಗೂ ಪಟ್ಟಿ ತೋರಿಸಿ.”

ನಿರ್ದೇಶಕನ ಮುಖದಲ್ಲಿ ಜೀವ ಬಂತು. ನಾನೂರು ಪುಸ್ತಕಗಳು ಮತ್ತೆ ಹಜಾರಕ್ಕೆ ಬಂದು ಕೂತಂತೆ ಅವನಿಗೆ ಕಂಡಿತೋ ಏನೋ. “ಅದೂ ಸರಿಯೇ, ಆಲ್ಟ್ಯೆ. ಪಟ್ಟಿ ಅಂದ್ರೆ ಪಟ್ಟಿ.”

ಇಲ್ಲಿ ಪಾದ್ರಿ ಹೆಪ್ಕೆಮಾನ ವಿಷಯ ಒಂದು ಮಾತು ಹೇಳಲೇಬೇಕು. ಆ ಮಹಾನುಭಾವ ವಿಗ್ರಹ ಚಿತ್ರಗಳನ್ನು ಒಪ್ಪದ ಪಂಥದವನು, ಎಂಥ ಕಟ್ಟಾ ಮನುಷ್ಯನೆಂದರೆ, ಸಂತರ ಚಿತ್ರ ಕಂಡರೆ ಪಾಪ ಅಂಟೀತೆಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಎಣಿಸುವಾಗ ಆ ನೀಲಿ ಹಾಳೆ ಬಂದಿದೆ, ಕಣ್ಣು ಮುಚ್ಚಿದ್ದಾನೆ, ತಿರುವಿದ್ದಾನೆ, ಮುಂದಿನದನ್ನು ಎಣಿಸಿದ್ದಾನೆ. ಆಮೇಲೆ ಬಂದ ಪಂಡಿತರೆಲ್ಲ ಎಣಿಸಿ ನೂರ ಎಂಬತ್ತೊಂಬತ್ತು ಕಂಡು, ಪಾದ್ರಿಯ ಪಟ್ಟಿ ತಪ್ಪಲಾರದು, ನಾವೇ ತಪ್ಪಿದೆವು ಎಂದು ತಲೆ ಕೆರೆದುಕೊಂಡು ನೂರ ಎಂಬತ್ತೆಂಟೇ ಬರೆದರು. ಆ ದೇಶದಲ್ಲಿ ಮಾತ್ರ ಆಗಬಹುದಾದ ತಪ್ಪು. ಒಬ್ಬನೇ ಒಬ್ಬ ತನ್ನ ಎಣಿಕೆಯನ್ನು ನಂಬಿದ. ಅವನು ಈಗ ಮೇಜಿನ ಆಚೆ ನಿಂತಿದ್ದ. ಆ ಹಾಳೆಯನ್ನು ಹೊಲಿದಿರಲಿಲ್ಲ, ಬರೀ ಅಂಟು ಹಾಕಿ ಸೇರಿಸಿದ್ದರು. ತೇವದ ದಿನ ಅಂಟು ಸಡಿಲುತ್ತದೆ, ಆಲ್ಟ್ಯೆ ಬಕೆಟ್ಟು ಚೆಲ್ಲಿ ಬರುವಷ್ಟರಲ್ಲಿ ಹಾಳೆ ಕೈಗೆ ಬರುತ್ತದೆ. ಅಂಟಿನ ಗುರುತು ತೋರಿಸೋಣವೆಂದರೆ ಆ ಪುಸ್ತಕದ ಮೂವತ್ತು ಕಡೆ ಹಳೆಯ ಅಂಟಿನ ಕಲೆಗಳಿದ್ದವು.

ಐದು ಹದಿನೈದು. ಡಾಕ್ಟರ್ ಹಾಳೆಯ ಕಡೆ ಕೈ ಚಾಚಿದ.

“ಮುಟ್ಬೇಡಿ,” ಎಂದಳು ಆಲ್ಟ್ಯೆ. ಗಟ್ಟಿಯಾಗಿ ಹೇಳಲಿಲ್ಲ. ಆದರೂ ಕೈ ಅಲ್ಲೇ ನಿಂತಿತು. “ಹಾರ್ಮ್, ಆ ಮೇಜಿನ ಮೇಲಿರೋ ಎರಡನೇ ಸಂಪುಟ ತಗೊಂಡು ಬಾ. ದಿಂಬಿನ ಸಮೇತ.”

ಎರಡನೇ ಸಂಪುಟವನ್ನು ಯಾರೂ ಓದಲು ಕೇಳಿರಲಿಲ್ಲ. ಮುಂದಿನ ವಾರ ಪ್ರದರ್ಶನಕ್ಕೆ ಇಡಬೇಕೆಂದು ಬೆಳಗ್ಗೆ ಅದನ್ನೂ ಹೊರತಂದು, ಪಕ್ಕದ ಮೇಜಿನ ದಿಂಬಿನ ಮೇಲೆ ತೆರೆದಿಟ್ಟಿದ್ದರು. ಯಾರೂ ಓದದ ಪುಸ್ತಕವನ್ನು ಯಾಕೆ ತೂಗುತ್ತೀರಿ ಎಂದು ನಿರ್ದೇಶಕ ಬೆಳಗ್ಗೆ ನಗಾಡಿದ್ದ. ಹೊರಬಂದದ್ದೆಲ್ಲ ತೂಗಬೇಕು ಎಂದು ಅವಳು ತೂಗಿ, ಅವನಿಂದಲೇ ಸಾಕ್ಷಿಯ ಸಹಿ ಹಾಕಿಸಿಕೊಂಡಿದ್ದಳು.

ಅವಳು ದಾಖಲೆ ಪುಸ್ತಕವನ್ನು ಅವನ ಕಡೆ ತಿರುಗಿಸಿದಳು. “ಓದಿ, ಮೆನೇರ್. ನಿಮ್ಮ ಸಹಿ.”

“ಎರಡನೇ ಸಂಪುಟ. ಬೆಳಗ್ಗೆ ಒಂಬತ್ತು ಹತ್ತು. ಎರಡು ಸಾವಿರದ ಇನ್ನೂರ ತೊಂಬತ್ತು ಗ್ರಾಂ.”

ಹಾರ್ಮ್ ಪುಸ್ತಕವನ್ನು ತಕ್ಕಡಿಯ ಮೇಲಿಟ್ಟು ಕೈ ತೆಗೆದ. ಅಂಕಿಗಳು ಓಡಿದವು, ತಡವರಿಸಿದವು. ಡಾಕ್ಟರ ಕಣ್ಣು ಕಿರಿದಾಯಿತು. ಅವನಿಗೆ ಅರ್ಥವಾಗಿತ್ತು. ಕೋಣೆಯಲ್ಲಿ ಅವಳನ್ನು ಬಿಟ್ಟರೆ ಅರ್ಥವಾದದ್ದು ಅವನೊಬ್ಬನಿಗೇ.

ಎರಡು ಸಾವಿರದ ಮುನ್ನೂರ ಒಂದು.

“ಹನ್ನೊಂದು ಗ್ರಾಂ ಮಳೆ ಕುಡಿದಿದೆ,” ಎಂದಳು ಆಲ್ಟ್ಯೆ. “ಇವೆರಡೂ ಅಣ್ಣ ತಮ್ಮ. ಒಂದೇ ಹಿಂಡಿನ ಕರುಗಳು, ಒಂದೇ ವರ್ಷದ ಅಚ್ಚು. ಇವತ್ತು ಒಂದೇ ಕೋಣೆಯಲ್ಲಿ, ಒಂದೇ ಮಳೆಯಲ್ಲಿ, ಇಬ್ಬರೂ ಬಾಯಿ ಬಿಟ್ಕೊಂಡು ಮಲಗಿದ್ರು. ಯಾರೂ ಮುಟ್ಟದೇ ಇರೋ ತಮ್ಮ ಹನ್ನೊಂದು ಗ್ರಾಂ ಕುಡಿದ. ನೀವು ಇಡೀ ದಿನ ಕೈಯಾಡಿಸಿದ ಅಣ್ಣ ಒಂದು ಹನೀನೂ ಕುಡೀಲಿಲ್ವಾ, ಮೆನೇರ್? ಉಪವಾಸ ಇದ್ನಾ?”

ಹಾರ್ಮ್ ಪುಸ್ತಕವನ್ನು ತಕ್ಕಡಿಯಿಂದ ಎತ್ತಿಕೊಂಡ. ಈ ಊರಿನವನಿಗೆ ಪಟ್ಟಿ ದೊಡ್ಡದು, ಆದರೆ ತಕ್ಕಡಿ ಅದಕ್ಕಿಂತ ದೊಡ್ಡದು. ನಿರ್ದೇಶಕ ಹುಟ್ಟಿದ್ದು ಇದೇ ಊರಲ್ಲಿ. ಅವನು ನಿಧಾನವಾಗಿ ಎರಡು ಬೆರಳಲ್ಲಿ ನೀಲಿ ಹಾಳೆಯನ್ನು ಎತ್ತಿ, ಬರಿದಾದ ತಕ್ಕಡಿಯ ಮೇಲಿಟ್ಟ. ಎಲ್ಲರೂ ಬಗ್ಗಿದರು.

ಹನ್ನೆರಡು.

“ನೋಡಿದ್ರಾ!” ಎಂದು ಕೂಗಿದ ಡಾಕ್ಟರ್. ಅವನ ದನಿ ಒಡೆದದ್ದು ಆಗಲೇ. “ಹನ್ನೊಂದಲ್ಲ! ಹನ್ನೆರಡು!”

“ಹನ್ನೊಂದು ನಮ್ದು,” ಎಂದಳು ಆಲ್ಟ್ಯೆ. “ಒಂದು ಗ್ರಾಂ ನಿಮ್ಮ ಬೆವರು. ಬೇಕಾದ್ರೆ ಒರೆಸಿ ವಾಪಸ್ ಕೊಡ್ತೀನಿ.”

ನಿರ್ದೇಶಕ ಫೋನಿನ ಕಡೆ ನಡೆದ. ಪೊಲೀಸರು ಬರುವ ಮೊದಲೇ ಐದು ಇಪ್ಪತ್ತೆರಡರ ರೈಲು ಹೋದ ಸದ್ದು ಕೇಳಿಸಿತು. ಡಾಕ್ಟರ್ ರೇಡಿಯೇಟರಿನ ಮುಂದಿನ ಕುರ್ಚಿಯಲ್ಲಿ ಕುಸಿದ. ಈ ಸಲ ಒರಗಿಯೇ ಕೂತ. ಆಮೇಲೆ ಅವನ ಮನೆಯ ನಾನೂರು ಪುಸ್ತಕಗಳನ್ನು ಪೊಲೀಸರು ತೂಗಲಿಲ್ಲ, ಲಾರಿಯಲ್ಲಿ ತುಂಬಿಕೊಂಡು ಹೋದರು. ಅವುಗಳಲ್ಲಿ ಎಷ್ಟು ಅವನವು ಎನ್ನುವ ವಿಚಾರಣೆ ಇನ್ನೂ ಮುಗಿದಿಲ್ಲ.

ಆ ಸಂಜೆ ಪೊಲೀಸರು ಹೋದ ಮೇಲೆ ಆಲ್ಟ್ಯೆ ದೀಪ ಎಳೆದುಕೊಂಡು ಹಾಳೆಯ ಮುಂದೆ ಕೂತಳು. ಮೊದಲ ಸಲ ನೋಡಿದಳು. ಗೋಡೆ ಕಟ್ಟಿದ ಸಣ್ಣ ತೋಟ, ಅದರಲ್ಲಿ ಕೂತ ತಾಯಿ, ಮಡಿಲಲ್ಲಿ ಸೇಬು ಹಿಡಿದ ಮಗು. ತಾಯಿಯ ಉಡುಪು ಹಾಳೆಯ ಮುಕ್ಕಾಲು ಭಾಗ ಹರಡಿಕೊಂಡಿತ್ತು. ಆ ನೀಲಿಯ ಮುಂದೆ ಆಕಾಶ ಒಗೆದು ಒಗೆದು ಮಾಸಿದ ಬಟ್ಟೆ. ಹಾಳೆ ಮನುಷ್ಯನ ಬೆನ್ನಿನ ಆಕಾರಕ್ಕೆ ಬಾಗಿತ್ತು. ತಾಯಿ ಮಗುವಿನ ಮೇಲೆ ಇನ್ನಷ್ಟು ಬಗ್ಗಿದ ಹಾಗಿತ್ತು. ಆಮೇಲೆ ಅದನ್ನು ಆರು ವಾರ ಭಾರದ ಕೆಳಗಿಟ್ಟರೂ ಆ ಬಾಗು ಹೋಗಲಿಲ್ಲ. ಅದು ತನ್ನ ಕೈಯಿಂದಲೇ ಆದದ್ದೆಂದು ಆಲ್ಟ್ಯೆ ಯಾರಿಗೂ ಮುಚ್ಚಿಡಲಿಲ್ಲ.

ನಿರ್ದೇಶಕ ಬಂದು ಪಟ್ಟಿಯನ್ನು ತೆರೆದಿಟ್ಟು ಪೆನ್ನು ಕೊಟ್ಟ. ಅವಳು ಪಾದ್ರಿಯ ಅಂಕಿಯ ಮೇಲೆ ಗೆರೆ ಎಳೆದು ನೂರ ಎಂಬತ್ತೊಂಬತ್ತು ಎಂದು ಬರೆದಳು. ಗೊಂಚಲು ಮೇಜಿನ ಮೇಲೆ ಅವಳ ಕಡೆಗೆ ಸರಿಯಿತು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆ ನೆಟ್ಟಗೆ ನಿಂತಳು.

“ಕಾಫಿ ಕುಡೀರಿ, ಆಲ್ಟ್ಯೆ,” ಎಂದ ನಿರ್ದೇಶಕ, ಅವಳ ಮುಖ ನೋಡದೆ. ಹಾರ್ಮ್ ಬಟ್ಟಲಿಟ್ಟ, ಡಬ್ಬಿ ತೆರೆದ, ಒಂದು ಬಿಸ್ಕತ್ತು ಕೊಟ್ಟ, ಮುಚ್ಚಲು ಹೋದ. ನಿರ್ದೇಶಕ ಅವನ ಕೈ ತಡೆದ. “ಇನ್ನೊಂದು ಕೊಡಿ.”

ಹಾರ್ಮ್ ಡಬ್ಬಿಯನ್ನು ಅಲ್ಲೇ ಬಿಟ್ಟು, ಬೀದಿಬಾಗಿಲಿಗೆ ಬೀಗ ಹಾಕಲು ಮೆಟ್ಟಿಲಿಳಿದು ಓಡಿದ.